ಕೊನೆ ಡಬ್ಬಿಯ ಕೆಂಪು ದೀಪ

ಚಳಿ ಆಗಷ್ಟೇ ಕಾಲಿಡುತ್ತಿದ್ದ ದಿನಗಳು. ಮಂಗಳವಾರ, ಮುಸ್ಸಂಜೆ. ಮುಂದಿನ ಕೋಣೆಯಲ್ಲಿ ಕೈಗಂಟೆ ಎರಡು ಸಲ ಬಡಿಯಿತು.

ಹಿಂದಿನ ಕೋಣೆಯ ಮಂಚದಲ್ಲಿ ಮಲಗಿದ್ದ ತಾಯಿ ಕೂಡಲೇ ಉತ್ತರ ಕೊಡಲಿಲ್ಲ. ಗೋಡೆಯ ತೂತಿನ ಕಡೆ ಕಿವಿಯಿಟ್ಟು ಕಾದಳು. ತುಂಬಾ ಹೊತ್ತು ಕಾದಳು. ಆಮೇಲೆ ದಿಂಬಿನ ಪಕ್ಕದ ಗಂಟೆಯನ್ನು ತಾನೂ ಎರಡು ಸಲ ಬಡಿದಳು. ದಾರಿ ಖಾಲಿ ಇದೆ, ಗಾಡಿ ಬಿಡಬಹುದು ಎಂದರ್ಥ.

ತೂತಿನಿಂದ ಪುಟ್ಟ ರೈಲು ಹೊರಬಂತು. ಒಂದು ಡಬ್ಬಿಯಲ್ಲಿ ಅವಳ ಮಾತ್ರೆ, ಇನ್ನೊಂದರಲ್ಲಿ ಕಿತ್ತಳೆ ತೊಳೆ. ಮಂಚದ ಪಕ್ಕದ ಸ್ಟೇಷನ್ನಿನಲ್ಲಿ ಗಕ್ಕನೆ ನಿಂತಿತು. ತೊಳೆ ಉರುಳಿ ಹಳಿಯ ಮೇಲೆ ಬಿತ್ತು.

ಸ್ವಲ್ಪ ಹೊತ್ತಿಗೆ ಮಗಳು ಬಂದಳು.

"ನಿಮ್ಮಪ್ಪ ಗಾಡಿ ಓಡಿಸ್ತಿದಾರೋ ಕತ್ತೆ ಅಟ್ತಿದಾರೋ?"

"ಇವತ್ತು ತಾನೇ ಆಸ್ಪತ್ರೆಯಿಂದ ಕರ್ಕೊಂಡ್ ಬಂದಿದೀನಲ್ಲಮ್ಮ. ಕೈ ನಡುಗುತ್ತೆ. ಗಂಟಲು ಪೂರ್ತಿ ಕಟ್ಟಿದೆ, ಪಿಸುಮಾತೂ ಇಲ್ಲ."

ತಾಯಿ ಮಗಳ ಮುಖವನ್ನೇ ನೋಡಿದಳು.

"ಕೊನೆ ಡಬ್ಬಿಗೆ ದೀಪಾನೂ ಇಲ್ಲ. ಹೇಳು ಹೋಗಿ."

"ಹೇಳ್ತೀನಿ."

ಆ ಮನೆಯಲ್ಲಿ ಅದು ಸಣ್ಣ ಮಾತಲ್ಲ. ತಂದೆ ಬದುಕಿಡೀ ಸ್ಟೇಷನ್ ಮಾಸ್ತರು. ಕೊನೆ ಡಬ್ಬಿಯ ಕೆಂಪು ದೀಪ ಕಣ್ಣಿಗೆ ಬೀಳುವ ತನಕ ಗಾಡಿ ಬಂತೆಂದು ಒಪ್ಪಿದವರಲ್ಲ. ದೀಪ ಕಾಣದಿದ್ದರೆ ಯಾವುದೋ ಡಬ್ಬಿ ಕಳಚಿಕೊಂಡು ದಾರಿಯಲ್ಲೇ ಉಳಿದಿದೆ ಎಂದೇ ಲೆಕ್ಕ.

ಅವರ ಎದೆಗೆ ಕೆಮ್ಮು ಹತ್ತಿದಾಗ, ಹೆಂಡತಿಯ ಹತ್ತಿರ ಸುಳಿಯಬೇಡಿ, ಅವಳ ಹೃದಯ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಮಾಸ್ತರು ಕೆಲವು ದಿನ ಸುಮ್ಮನೆ ಗೋಡೆ ನೋಡುತ್ತಾ ಕೂತರು. ಆಮೇಲೆ ಗೋಡೆಗೇ ತೂತು ಕೊರೆದರು. ಹಳಿ ಹಾಕಿದರು. ಮರದ ಹೊಟ್ಟಿಗೆ ಹಸಿರು ಬಣ್ಣ ಕೊಟ್ಟು ಹುಲ್ಲು ಮಾಡಿದರು. ಬೆಂಕಿಕಡ್ಡಿಯಲ್ಲಿ ಸೇತುವೆ, ಹಳೇ ಹಲ್ಲುಜ್ಜುವ ಬ್ರಷ್ಷಿನ ಕೂದಲಲ್ಲಿ ಬೇಲಿ. ಆಸ್ಪತ್ರೆಗೆ ಹೊರಟ ಬೆಳಿಗ್ಗೆಯೂ ಕಾರನ್ನು ಕಾಯಿಸಿ ಒಂದು ಖಾಲಿ ಗಾಡಿ ಬಿಟ್ಟು, ತೂತಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದ್ದರು. ಗಾಡಿ ವಾಪಸು ಬಂದಾಗ ಅದರ ಬಾಲ ನೋಡಿ ನಕ್ಕಿದ್ದರು. ಮಗಳು ಆಗ ಅವರ ಚಪ್ಪಲಿ ಹುಡುಕುತ್ತಿದ್ದಳು.

ಭಾನುವಾರ ಸೋದರತ್ತೆ ಬಂದವಳು ಮುಂದಿನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅಣ್ಣನ ಕುರ್ಚಿಯಲ್ಲಿ, ಅಣ್ಣನ ಶಾಲು ಹೊದ್ದು, ಮಗಳು ಹಳಿ ತಿದ್ದುತ್ತಿದ್ದಳು. ಕನ್ನಡಕದಂಗಡಿಯ ಕೆಲಸದವಳು, ಸಣ್ಣ ತಿರುಪುಗಳು ಅವಳ ಮಾತು ಕೇಳುತ್ತಿದ್ದವು.

"ಎಷ್ಟು ದಿನ ಅಂತ ಈ ನಾಟಕ ಕಣೇ? ಅಣ್ಣ ಹೋಗಿ ಆಯ್ತು. ನಾವೇ ಅಲ್ವಾ ಎಲ್ಲಾ ಮುಗಿಸಿ ಬಂದಿದ್ದು? ಹೇಳಿಬಿಡು ಅವಳಿಗೆ."

"ಮೆಲ್ಲಗೆ ಅತ್ತೆ! ಆ ಸುದ್ದಿ ತಡ್ಕೊಳ್ಳೋ ಹೃದಯ ಅಲ್ಲ ಅಂತ ಡಾಕ್ಟರು ಹೇಳಿಲ್ವಾ? ಅಪ್ಪನ ಹಿಂದೇನೇ ಹೊರಟುಬಿಡ್ತಾಳೆ."

"ಅವಳೇನು ಪೆದ್ದಿಯಾ?"

"ಗಾಡಿ ಅಪ್ಪನ ಥರಾನೇ ಓಡಿದ್ರೆ ಗೊತ್ತಾಗಲ್ಲ."

ಆದರೆ ಓಡಬೇಕಲ್ಲ. ತಾಯಿಗೆ ದಿನಕ್ಕೊಂದು ತಕರಾರು. ತಿರುವಿನಲ್ಲಿ ಅಷ್ಟು ಜೋರು ಬೇಡ ಅನ್ನು. ಸುರಂಗಕ್ಕೆ ಮುಂಚೆ ಸೀಟಿ ಎಲ್ಲಿ ಹೋಯ್ತು? ಸ್ಟೇಷನ್ ದೀಪ ಹಳದಿ ಇರ್ತಿತ್ತು, ಇದ್ಯಾಕೆ ಆಸ್ಪತ್ರೆ ಥರ ಬಿಳಿ? ಮಗಳು "ಅಪ್ಪನಿಗೆ ಹೇಳ್ತೀನಿ" ಎನ್ನುವಳು. ಮರುದಿನ ಸರಿಯಾಗಿರುತ್ತಿತ್ತು.

ಒಂದು ಸಂಜೆ ತಾಯಿ ಕೇಳಿದಳು. "ಸೇತುವೆ ಹತ್ರ ಗಾಡಿ ಬಂದಾಗ ಕೆಮ್ಮೋರು. ಈಗ ಕೆಮ್ಮೇ ಇಲ್ಲ?"

"ಔಷಧಿ ಹಿಡಿದಿದೆಯಮ್ಮ."

"ಪಾಪ. ಆ ಕೆಮ್ಮು ಕೇಳಿದ್ರೆ ಆಸಾಮಿ ಇದಾರೆ ಅನ್ನಿಸೋದು."

ಮರುದಿನ ಗಾಡಿ ಸೇತುವೆ ಹತ್ತಿತು. ಮುಂದಿನ ಕೋಣೆಯಲ್ಲಿ ಕೆಮ್ಮು ಕೇಳಿಸಿತು. ಒಣ ಕೆಮ್ಮು, ಕೊನೆಯಲ್ಲಿ ಸಣ್ಣ ಎಳೆತ. ಮಗಳು ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕೆಮ್ಮು ಬಂದದ್ದು ಅವಳದೇ ಗಂಟಲಿನಿಂದ. ಕೆಮ್ಮಬೇಕೆಂದು ಅವಳು ಅಂದುಕೊಂಡೇ ಇರಲಿಲ್ಲ. ವೇಗದ ತಿರುಪಿನ ಮೇಲಿದ್ದ ಹೆಬ್ಬೆರಳು ಅಪ್ಪನದರ ಹಾಗೇ ಹೊರಕ್ಕೆ ಬಾಗಿತ್ತು. ಅಂದಿನಿಂದ ಅವಳು ನಡುಮನೆಯ ಕನ್ನಡಿಯ ಮುಂದೆ ತಲೆ ತಗ್ಗಿಸಿ ಹಾಯುತ್ತಿದ್ದಳು.

ಉಳಿದದ್ದು ದೀಪ. ಅಪ್ಪ ಮಾಡಿದ್ದ ದೀಪಕ್ಕಾಗಿ ಮೇಜಿನಡಿ, ಡ್ರಾಯರು, ಕಸದ ಬುಟ್ಟಿ ಎಲ್ಲ ಜಾಲಾಡಿದಳು. ಸಿಗಲಿಲ್ಲ. ಹರಿದ ಸರದ ಕೆಂಪು ಮಣಿಯೊಳಗೆ ಅಕ್ಕಿಕಾಳಿನಷ್ಟು ಬಲ್ಬು ಕೂರಿಸಿ ಹೊಸದನ್ನು ಮಾಡಿದಳು.

ಶುಕ್ರವಾರ ಮುಸ್ಸಂಜೆ. ಗಂಟೆ, ಮರುಗಂಟೆ. ಸೀಟಿ. ಸೇತುವೆ, ಕೆಮ್ಮು. ಹಳದಿ ಬೆಳಕಿನ ಸ್ಟೇಷನ್ನಿಗೆ ಗಾಡಿ ಮೆಲ್ಲನೆ ಬಂದು ನಿಂತಿತು. ಕೊನೆ ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ಮಗಳು ಬಂದಾಗ ತಾಯಿಯ ಕೆನ್ನೆ ಒದ್ದೆಯಾಗಿತ್ತು.

"ಥೇಟ್ ನಿಮ್ಮಪ್ಪ. ಎಲ್ಲೂ ಒಂದು ತಪ್ಪಿಲ್ಲ."

ಮಗಳಿಗೆ ಗೆದ್ದಷ್ಟು ಸಮಾಧಾನ. "ಹೇಳ್ತೀನಮ್ಮ ಅವರಿಗೆ."

"ಬೇಡ. ಕೂತ್ಕೋ ಇಲ್ಲಿ. ಆ ಶಾಲು ಬಿಚ್ಚಿಡು, ಸಾಕು."

ತಾಯಿ ದಿಂಬಿನಡಿ ಕೈ ಹಾಕಿ ತೆಗೆದು, ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅಪ್ಪನ ಹಳೇ ಕೆಂಪು ದೀಪವಿತ್ತು.

"ಆಸ್ಪತ್ರೆಗೆ ಹೋಗೋ ಬೆಳಿಗ್ಗೆ ತೂತಿನಿಂದ ಹೇಳಿದ್ರು, ಇದನ್ನ ಬಿಚ್ಚಿ ಇಟ್ಕೊಂಡಿರು, ಬಂದ ಗಳಿಗೆ ಮೊದಲು ಇದನ್ನೇ ಕೇಳಿ ಇಸ್ಕೋತೀನಿ ಅಂತ. ನೀನು ಕರ್ಕೊಂಡ್ ಬಂದೆ ಅಂದ ಸಂಜೆ ಎಷ್ಟು ಹೊತ್ತು ಕಾದೆ. ಗಂಟಲು ಕಟ್ಟಿದ್ರೂ ನಿನ್ನ ಕೈಲಾದ್ರೂ ಕೇಳಿಸೋರು. ಯಾರೂ ಕೇಳಲಿಲ್ಲ."

"ಮತ್ತೆ ಯಾಕಮ್ಮಾ ದಿನಾ ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ..."

"ನಿನ್ನ ಕೈಗೂ ಒಂದು ಕೆಲಸ ಬೇಕಿತ್ತು. ನನಗೂ ಅವರು ಒಂದು ಸಲ ಪೂರ್ತಿ ಬರಬೇಕಿತ್ತು."

ಅಪ್ಪ ಹೋದದ್ದು ಮಂಗಳವಾರ. ಅಮ್ಮನಿಗೆ ಗೊತ್ತಾದದ್ದೂ ಅದೇ ಮಂಗಳವಾರ.