ಹದಿನೇಳನೇ ಗುಂಡಿಯ ನೀರು

ಮೊಬೈಲು ಮತ್ತೆ ಅದನ್ನೇ ತೋರಿಸಿತು. ಹದಿನೇಳನೇ ಗುಂಡಿಯಲ್ಲಿ ನಾಲ್ಕು ಬೆರಳು ನೀರು. ನೀರು ಏರಿದ ಸಮಯ ಹತ್ತೂಕಾಲು.

ಶಶಿಧರ ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಹೂಳೆತ್ತಲೆಂದು ಮಳವಳ್ಳಿಯ ಆ ಒಳಚರಂಡಿಯ ಮೇಲ್ಭಾಗವನ್ನು ಮರಳಿನ ಮೂಟೆಯಿಟ್ಟು ಕಟ್ಟಿ ಹದಿನೈದು ದಿನವಾಗಿತ್ತು. ತೊಟ್ಟು ನೀರೂ ಬರುವಂತಿರಲಿಲ್ಲ. ಗುಂಡಿಯ ನೀರಳೆದು ಮೊಬೈಲಿಗೆ ತಿಳಿಸುವ ಮೀಟರು ಕೆಟ್ಟಿದೆಯೆಂದು ಬದಲಿಸಿದ್ದೂ ಆಯಿತು. ಹೊಸದೂ ಅದೇ ರಾಗ ತೆಗೆಯಿತು.

ದಿನಾ ಹತ್ತೂವರೆಗೆ ಮೀಟರು ನೋಡಿ, ಆಳು ಇಳಿಯಬೇಕೋ ಬೇಡವೋ ಹೇಳುವುದು ಅವನ ಕೆಲಸ. ಸೊನ್ನೆ ತೋರಿಸಿದರೆ ಆಳು ಕೆಂಪರಾಜು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ನೀರಿದ್ದರೆ ಮಂಡ್ಯದಿಂದ ಹೀರುವ ಲಾರಿ ಬರುವವರೆಗೆ ಕಾಯಬೇಕು. ಆಳನ್ನು ಇಳಿಸುವುದೇ ಕಾನೂನಿಗೆ ವಿರುದ್ಧ. ಅದು ಗೊತ್ತಿಲ್ಲದವರು ಯಾರು? ಆದರೆ ಕಂಟ್ರಾಕ್ಟರಿಗೆ ಕಾಯುವ ತಾಳ್ಮೆ ಇರಲಿಲ್ಲ. ನಾಡಿದ್ದು ಆ ಮೀಟರು ಕಿತ್ತು ಬಿಸಾಕಿ ಇಳಿಸು ಎಂದು ಫೋನಿನಲ್ಲಿ ಗದರಿದ್ದ.

ಎರಡು ವರ್ಷದ ಹಿಂದೆ ಇದೇ ಗುಂಡಿಗೆ ಕೆಂಪರಾಜುವಿನ ಅಪ್ಪ ಪುಟ್ಟಮಾದಯ್ಯ ಇಳಿದಿದ್ದ. ಆಗ ಮೀಟರಿರಲಿಲ್ಲ. ಶಶಿಧರನೇ ಬಿದಿರಿನ ಗಳ ಇಳಿಬಿಟ್ಟು ನೋಡಿ, ನೀರಿಲ್ಲ ಇಳಿ ಎಂದಿದ್ದ. ನೀರಿರಲಿಲ್ಲ, ನಿಜ. ವಿಷಗಾಳಿ ಇತ್ತು. ಅಳೆದವನ ತಪ್ಪಿಗೆ ಇಳಿದವನ ತಲೆದಂಡ. ಆ ಗಳ ಈಗಲೂ ಅವನ ಕನಸಿನಲ್ಲಿ ಒಣಗಿಯೇ ಮೇಲೆ ಬರುತ್ತದೆ.

ಕೆಂಪರಾಜು ಟಾರ್ಚಿನ ಬೆಳಕು ಬಿಟ್ಟು ಒಳಗೆ ನೋಡಿದ. ಚರಂಡಿ ನೀರಲ್ಲ, ಕುಡಿಯುವಂಥ ತಿಳಿನೀರು.

“ನಮ್ಮಪ್ಪ ಅಲ್ಲೇ ಅವ್ನೆ ಸಾ” ಎಂದು ಕೈಮುಗಿದ.

ಉಳಿದ ಆಳುಗಳು ಅತ್ತ ತಲೆ ಹಾಕುವುದನ್ನೇ ಬಿಟ್ಟರು. ಭಾನುವಾರ, ಎರಡನೇ ಶನಿವಾರ ಮಾತ್ರ ಗುಂಡಿ ಒಣಗಿರುತ್ತಿತ್ತು. ದೆವ್ವಕ್ಕೂ ಸರ್ಕಾರಿ ರಜೆಯೇನೋ ಎಂದು ಶಶಿಧರ ನಗಲು ನೋಡಿದ. ನಗು ಬರಲಿಲ್ಲ.

ಮರುದಿನ ಒಂಬತ್ತೂವರೆಗೇ ಹೋಗಿ ಹುಣಸೆಮರದ ಮರೆಯಲ್ಲಿ ನಿಂತ. ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದ. ಹತ್ತು ಗಂಟೆಯ ಹೊತ್ತಿಗೆ ಸೊಂಟದ ಮೇಲೆ ಬಿಂದಿಗೆಯಿಟ್ಟುಕೊಂಡು ಒಬ್ಬ ಹೆಂಗಸು ಬಂದಳು. ಪುಟ್ಟಮಾದಯ್ಯನ ಹೆಂಡತಿ ಬೆಟ್ಟಮ್ಮ! ಬೀದಿ ನಲ್ಲಿಯಿಂದ ಐದು ಸಲ ಹೊತ್ತು ತಂದು, ಮುಚ್ಚಳದ ತೂತಿನೊಳಕ್ಕೆ ನಿಧಾನವಾಗಿ ಸುರಿದಳು.

ಶಶಿಧರನ ಕಣ್ಣು ತುಂಬಿ ಬಂತು. ಆವತ್ತು ಆಸ್ಪತ್ರೆಯಿಂದ ಬಟ್ಟೆ ಸುತ್ತಿ ತಂದ ಹೆಣವನ್ನು ಹಾಗೇ ಮಣ್ಣು ಮಾಡಿದ್ದರು. ಕೊನೆಗೊಂದು ಬಿಂದಿಗೆ ನೀರು ಹಾಕಿ ಮೈತೊಳೆಯಲೂ ಬಿಡಲಿಲ್ಲವಲ್ಲ ಎಂದು ಈಕೆ ಎದೆ ಬಡಿದುಕೊಂಡಿದ್ದಳು. ಪಾಪ, ಆ ನೀರನ್ನು ಈಗ ಹೊಯ್ಯುತ್ತಿದ್ದಾಳೆ. ಅವನ ಹೆದರಿಕೆಯೆಲ್ಲ ಇಳಿದುಹೋಯಿತು.

ಹತ್ತಿರ ಹೋಗಿ, ನಿನ್ನ ಗಂಡನಿಗೆ ನೀರು ಮುಟ್ಟಿದೆ, ಇನ್ನು ಸಾಕು ಮಾಡು ತಾಯಿ ಎಂದ.

ಬೆಟ್ಟಮ್ಮ ಖಾಲಿ ಬಿಂದಿಗೆ ಹಿಡಿದು ಅವನನ್ನೇ ನೋಡಿದಳು.

“ಸತ್ತೋರ್ಗೆ ಯಾಕ್ ಸ್ವಾಮಿ ನೀರು? ನೀರಿದ್ರೆ ನೀವು ನನ್ ಮಗನ್ನ ಇಳ್ಸಕಿಲ್ವಂತಲ್ಲ, ಅದ್ಕೆ.”