ಧಾರೆಯ ರವಿಕೆ

ನಾಳೆ ಬೆಳಿಗ್ಗೆ ಧಾರೆ. ಮದುಮಗಳ ರವಿಕೆಗೆ ಇನ್ನೂ ತೋಳು ಕೂಡಿರಲಿಲ್ಲ. ಬಂದವರ ಜೊತೆ ಹರಟುತ್ತ ಕೂತು ಕೆಲಸ ಕೆಡಿಸುತ್ತಾಳೆ ಎಂಬ ಹೆಸರು ಜಲಜಕ್ಕನಿಗೆ ಮೊದಲೇ ಇತ್ತು. ಈ ಸಲ ಆ ಮಾತು ಬರಬಾರದೆಂದು ಫೋನು ಆರಿಸಿ, ಅಂಗಡಿಯ ಬಾಗಿಲು ಹಾಕಿಕೊಂಡು ಮಷೀನಿಗೆ ಕೂತಳು.

ಯಾರೋ ಬಾಗಿಲು ತಟ್ಟಿದರು.

"ಜಲಜಾ, ಒಂದೇ ಒಂದು ಮಾತು."

"ಒಂದು ಮಾತು ಅಂದವರು ಒಂದು ಗಂಟೆ ಕೂರೋದು ನಂಗೊತ್ತು. ಸಂಜೆ ಬನ್ನಿ."

"ಸಂಜೆಗೆ ತಡವಾಗತ್ತೆ ಕಣೇ."

"ಆಗಲಿ."

ಮಷೀನಿನ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ.

ಸಂಜೆ ಕೊನೆಯ ಹುಕ್ಕು ಹಾಕಿ, ನೆಮ್ಮದಿಯಿಂದ ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಮದುಮಗಳ ತಾಯಿ ಕೂತಿದ್ದರು. ಕೈಯಲ್ಲೊಂದು ಪುಟ್ಟ ರವಿಕೆ.

"ಮೂರು ಸಲ ಬಂದೆ," ಎಂದರು. "ಅಳತೆಗೆ ಅಂತ ಅವತ್ತು ಕೊಟ್ಟದ್ದು ನನ್ನ ರವಿಕೆ. ಮಗಳದ್ದು ಇದು."