ಅಡಿವೆಯ್ಯ ಬಿಟ್ಟ ಗೋಲು

ಆ ಮುದುಕ ಮತ್ತೆ ಬಂದಿದ್ದ. ಜೋಯಾ ಮೈಕು ಕೈಗೆತ್ತಿಕೊಳ್ಳುವ ಮೊದಲೇ ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತಿದ್ದ. ಎಷ್ಟನೆಯ ಭಾನುವಾರವೋ, ಅವಳು ಲೆಕ್ಕ ಬಿಟ್ಟಿದ್ದಳು.

ದಾಂಡೇಲಿಯ ಫುಟ್‌ಬಾಲ್ ಕ್ಲಬ್ಬು ಈಗೀಗ ತನ್ನ ಹಳೆಯ ಕಥೆಗಳನ್ನೇ ಮಾರಿ ಬದುಕುತ್ತಿತ್ತು. ಕಾಳಿ ಹೊಳೆಯಲ್ಲಿ ದೋಣಿಯಾಟ ಮುಗಿಸಿದ ಪ್ರವಾಸಿಗರು ಟಿಕೆಟ್ ಕೊಂಡು ಒಳಗೆ ಬರುತ್ತಿದ್ದರು. ಗೋಡೆ ತುಂಬ ಫೋಟೋ, ಗಾಜಿನ ಹಿಂದೆ ಗೆದ್ದ ಕಪ್‌ಗಳು. ಕಥೆ ಹೇಳುವ ಕೆಲಸ ಜೋಯಾಳದು. ಮೂವತ್ತು ವರ್ಷಗಳ ಹಿಂದೆ ಇಲ್ಲಿ ಸಂಬಳಕ್ಕೆ ಆಡುತ್ತಿದ್ದವರು ಬೆಳಗಾವಿಯವರನ್ನು, ಹುಬ್ಬಳ್ಳಿಯವರನ್ನು ಹೇಗೆ ಮಣ್ಣು ಮುಕ್ಕಿಸಿದರು ಎಂದು ಶುರು ಮಾಡಿ, ಕಡೆಗೆ ಅಡಿವೆಯ್ಯನಿಗೆ ಬಂದು ನಿಲ್ಲಿಸುತ್ತಿದ್ದಳು.

ಅಡಿವೆಯ್ಯ ಗೋಲ್‌ಕೀಪರ್. ಗೋವಾದವರ ಮೇಲಿನ ಫೈನಲ್ ಪಂದ್ಯದ ಕೊನೆಯ ಗಳಿಗೆಯಲ್ಲಿ ಮಕ್ಕಳೂ ತಡೆಯಬಹುದಾಗಿದ್ದ ಚೆಂಡು ಅವನ ಎಡಕ್ಕೆ ಉರುಳಿ ಒಳಗೆ ಹೋಯಿತು. ಅವನು ಕೈ ಕೂಡ ಚಾಚಲಿಲ್ಲ. ದುಡ್ಡು ತಿಂದಿದ್ದನಂತೆ. ಅದೇ ಸಂಜೆ ನಾಚಿಕೆ ತಾಳದೆ ಕೋಗಿಲಬನದ ಹತ್ತಿರ ಹೊಳೆಗೆ ಹಾರಿದ. ಹೊಳೆ ತುಂಬಿತ್ತು, ಮೊಸಳೆಗಳಿದ್ದವು. ಹೆಣ ಸಿಗಲಿಲ್ಲ.

ಕಥೆ ಮುಗಿದ ಮೇಲೆ ಅಂಗಳದಲ್ಲಿ ಆಟ. ಗೋಲುಕಂಬಗಳ ನಡುವೆ ಅಡಿವೆಯ್ಯನ ಹೆಸರು ಬರೆದ ಹುಲ್ಲಿನ ಗೊಂಬೆ. ಬಂದವರೆಲ್ಲ ಅದರ ಮುಖಕ್ಕೆ ಚೆಂಡು ಒದ್ದು ಫೋಟೋ ತೆಗೆಸಿಕೊಳ್ಳಬೇಕು. ಇದು ಮ್ಯಾನೇಜರ್ ರೋಹಿತನ ತಲೆಯಲ್ಲಿ ಹುಟ್ಟಿದ್ದು.

ಮುದುಕ ಒದೆಯುತ್ತಿರಲಿಲ್ಲ. ಬದಿಗೆ ನಿಂತು ನೋಡುತ್ತಿದ್ದ. ಜನ ಕರಗಿದ ಮೇಲೆ ಜೋಯಾಳ ಹತ್ತಿರ ಬಂದು ಪ್ರತಿ ಸಲ ಅದನ್ನೇ ಕೇಳುತ್ತಿದ್ದ.

“ಅಂವ ರೊಕ್ಕ ತಿಂದಿದ್ದು ಖರೇನ ಏನವ್ವಾ?”

“ಎಲ್ಲಾರೂ ಹಂಗ ಅಂತಾರ್ರಿ ಅಜ್ಜಾರ.”

“ಎಲ್ಲಾರೂ ಅಂತಾರಂದ್ರ ಖರೇನ ಇರಬೇಕು ಬಿಡು.” ನೋವಿನ ಗುಳಿಗೆ ನುಂಗಿದವನ ಹಾಗೆ ಕಣ್ಣು ಮುಚ್ಚಿ ತೆರೆದು ಹೊರಟುಬಿಡುತ್ತಿದ್ದ.

ಆ ದಿನ ಯಾರೋ ಒದ್ದ ಚೆಂಡು ದಾರಿ ತಪ್ಪಿ ಅವನ ಎಡಕಿವಿಯತ್ತ ನುಗ್ಗಿತು. ಮುದುಕ ಕತ್ತು ತಿರುಗಿಸಲಿಲ್ಲ. ಕಣ್ಣಂಚಿನಲ್ಲೇ ಕಂಡು, ಕೈಯೆತ್ತಿ ತಡೆದ.

ಇದು ಗೋಲ್‌ಕೀಪರನ ಕೈ ಎಂದುಕೊಂಡಳು ಜೋಯಾ. ಹೆಣ ಸಿಕ್ಕಿರಲಿಲ್ಲವಲ್ಲ!

“ನಿಮ್ಮದು ಯಾವೂರ್ರಿ ಅಜ್ಜಾರ?”

“ಇದ ಊರು. ಬಿಟ್ಟು ಹೋಗಿ ಭಾಳ ವರ್ಷ ಆತು. ಹೊಳಿ ಸಪ್ಪಳ ಕೇಳಿದ್ರ ನನಗ ನಿದ್ದಿ ಹತ್ತೂದಿಲ್ಲ.”

ಬದುಕಿರುವ ಮನುಷ್ಯನ ಕಣ್ಣೆದುರಿಗೇ ಅವನ ಗೊಂಬೆಗೆ ಒದೆಸುತ್ತಿದ್ದೇನೆ ಎಂದುಕೊಂಡಾಗ ಜೋಯಾಳಿಗೆ ಅಂದು ಅನ್ನ ಸೇರಲಿಲ್ಲ. ರಜೆಯ ದಿನ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದಳು. ಅಡಿವೆಯ್ಯನ ಹೆಂಡತಿ ಗಿರಿಜಾಬಾಯಿ ಅಲ್ಲಿ ತವರಿನಲ್ಲಿದ್ದಳು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ.

“ಹೆಣಾ ನೋಡಲಾರದ ನಾ ಹೆಂಗ ಬಳಿ ಒಡೀಲಿ?” ಎಂದಳು. ಆಮೇಲೆ ತಡೆದು ತಡೆದು ಹೇಳಿದಳು. “ಕಟಗಿ ಒಡಿಯೂಮುಂದ ಚಕ್ಕಿ ಸಿಡದು ಅವರ ಎಡಗಣ್ಣು ಹೋಗಿತ್ತವ್ವ. ಗೊತ್ತಾದ್ರ ತಂಡದಾಗಿಂದ ತಗೀತಾರಂತ ಯಾರಿಗೂ ಹೇಳಗೊಡಲಿಲ್ಲ. ಆ ಚೆಂಡು ಅವರಿಗೆ ಕಾಣಲೇ ಇಲ್ಲ.”

“ಆಮ್ಯಾಲರ ನೀವು ಹೇಳಬೇಕಿತ್ತಲ್ರಿ?”

“ಹೇಳಿದೆ. ರೊಕ್ಕ ತಿಂದಾಂವನ ಹೇಣ್ತಿ ಮಾತು ಯಾರು ಕೇಳ್ತಾರ? ಬಾಗಲಕ್ಕ ಸಗಣಿ ಬಳದು ಹ್ವಾದ್ರು.”

ಮುದುಕನ ಸುದ್ದಿ ಜೋಯಾಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಎಲ್ಲಿಯಾದರೂ ತಪ್ಪಾದರೆ? “ಬರೂ ಭಾನುವಾರ ದಾಂಡೇಲಿಗೆ ಬರ್ರಿ. ಎಲ್ಲಾರ ಮುಂದ ಹೇಳ್ತೇನಿ” ಎಂದಷ್ಟೇ ಹೇಳಿ ಎದ್ದಳು.

ವಿಷಯ ಕೇಳಿ ರೋಹಿತ ನಕ್ಕ. “ಕಳ್ಳ ಇಲ್ಲದ ಕಥಿಗೆ ಟಿಕೆಟ್ ಯಾರು ತಗೋತಾರ? ಹಂಗ ಹೇಳಿದಿ ಅಂದ್ರ ಮರುದಿವಸದಿಂದ ಕೆಲಸಕ್ಕ ಬರಬ್ಯಾಡ.”

ಭಾನುವಾರ ಮೈಕು ಹಿಡಿದು ಜೋಯಾ ಹೇಳಿಯೇಬಿಟ್ಟಳು. ಕಣ್ಣಿನ ಕಥೆ, ಬಾಗಿಲಿಗೆ ಬಳಿದ ಸಗಣಿಯ ಕಥೆ. “ಅಡಿವೆಯ್ಯ ಪಂದ್ಯ ಮಾರಲಿಲ್ಲ. ಒಂದು ಪೈಸೆ ಮುಟ್ಟಲಿಲ್ಲ. ನಾನು ಇಷ್ಟು ದಿನ ಸುಳ್ಳು ಹೇಳಿದೆ.” ಬಾಗಿಲಲ್ಲಿ ನಿಂತಿದ್ದ ರೋಹಿತ ಮುಖ ತಿರುಗಿಸಿ ಹೊರಗೆ ನಡೆದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಿಬ್ಬರು ಮೊಬೈಲು ನೋಡಿಕೊಂಡರು.

ಮುಂದಿನ ಸಾಲಿನಲ್ಲಿ ಮುದುಕ ಎದ್ದು ನಿಂತಿದ್ದ. ಗಡ್ಡದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಜೋಯಾ ಮೈಕು ಇಟ್ಟು ಓಡಿಬಂದು ಅವನ ಕೈ ಹಿಡಿದಳು.

“ಅಳಬ್ಯಾಡ್ರಿ ಅಡಿವೆಯ್ಯಜ್ಜಾರ. ಇನ್ನ ಮ್ಯಾಲೆ ನಿಮ್ಮನ್ನ ಯಾರೂ ಕಳ್ಳ ಅನ್ನೂದಿಲ್ಲ. ಅಲ್ಲಿ ನೋಡ್ರಿ, ಯಾರು ಬಂದಾರ.”

ಹಿಂದಿನ ಸಾಲಿನಿಂದ ಗಿರಿಜಾಬಾಯಿ ಎದ್ದಳು. ಒಂದೊಂದೇ ಕುರ್ಚಿಯ ಬೆನ್ನು ಹಿಡಿದು ಬಂದಳು. ಮುದುಕನ ಮುಖವನ್ನು ಹತ್ತಿರದಿಂದ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನ ಬೆಳಕು ಆರಿತು.

“ಇವರಲ್ಲವ್ವಾ,” ಎಂದಳು. “ಇವರು ಯಾರೋ ಬ್ಯಾರೇದವರು.”

ಮುದುಕ ಅವಳ ಕಾಲ ಬಳಿ ಕುಸಿದು ಕೂತ.

“ಅಂವ ಪಂದ್ಯ ಮಾರಲಿಲ್ಲಂದ್ರ,” ಎಂದ, “ಅವತ್ತು ನಾ ಅವನ್ನ ಹೊಳಿಗೆ ನೂಕಿದ್ದು ಯಾಕವ್ವಾ?”